ಬಳೆ ತೆಗೆದಿಟ್ಟ ಮಳೆಗಾಲ

ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳ ರಸ್ತೆಯಲ್ಲಿ ನಾನು ಈಗ ಓಡಾಡುವುದಿಲ್ಲ. ಮಂಡಿ ಮೊಹಲ್ಲಾದಲ್ಲಿ ಕೆಲಸ ಮುಗಿಸಿ ಹೂಟಗಳ್ಳಿಯ ಮನೆಗೆ ಬರಲು ಬೇರೆ ಬಸ್ಸುಗಳಿವೆ. ಎಷ್ಟು ಹೊತ್ತು ಕಾದರೂ ಸರಿ, ಅವುಗಳಲ್ಲೇ ಬರುತ್ತೇನೆ. ಮೊನ್ನೆ ಮಾತ್ರ ತಪ್ಪಿತು. ಮಳೆ ಹನಿಯುತ್ತಿತ್ತು, ಕೊಡೆ ಇರಲಿಲ್ಲ, ಜೊತೆಗೆ ಅಕ್ಕನ ಮಗಳು ಮೇಘನ ಇದ್ದಳು, ಅವಳಿಗೆ ಮಾರನೆಯ ದಿನ ಪರೀಕ್ಷೆ. ಬಂದ ಬಸ್ಸು ಹತ್ತಿದೆವು. ಅದು ಹೆಬ್ಬಾಳ ಸುತ್ತಿಕೊಂಡು ಹೋಗುವ ಬಸ್ಸು ಎಂದು ತಿಳಿಯುವಷ್ಟರಲ್ಲಿ ಸೀಟು ಸಿಕ್ಕಿತ್ತು. ಸಂಜೆ ಹೊತ್ತು ಸಿಕ್ಕಿದ ಸೀಟು ಬಿಟ್ಟು ಇಳಿಯುವ ಹೆಂಗಸು ಮೈಸೂರಿನಲ್ಲಿ ಇನ್ನೂ ಹುಟ್ಟಿಲ್ಲ.

ಮೇಘನ ಬಿಬಿಎ ಓದುತ್ತಾಳೆ. ಪಾಠ ಒಪ್ಪಿಸಲು ಅವಳಿಗೆ ಎದುರಿಗೆ ಯಾರಾದರೂ ಬೇಕು. ಇಂಗ್ಲಿಷಿನಲ್ಲಿ ಓದಿ, ನನಗೆ ತಿಳಿಯಲಿ ಎಂದು ಕನ್ನಡದಲ್ಲಿ ಹೇಳುತ್ತಿದ್ದಳು. ಕಂಪನಿಗಳು ತಮ್ಮ ಕಾರ್ಮಿಕರ ತರಬೇತಿಗೆ ಬಂಡವಾಳ ಹಾಕುವುದು ಯಾಕೆ? ಯಾಕೆಂದರೆ ಕೆಲಸ ಚೊಕ್ಕಟವಾಗುತ್ತದೆ, ಮಾಲು ಹಾಳಾಗುವುದು ಕಡಿಮೆಯಾಗುತ್ತದೆ, ಕಾರ್ಮಿಕರಿಗೆ ಕಂಪನಿ ತಮ್ಮದೇ ಅನ್ನಿಸುತ್ತದೆ, ಬಿಟ್ಟು ಹೋಗುವುದಿಲ್ಲ. ಹೀಗೆ ಬೆರಳು ಮಡಿಸುತ್ತ ಹೋದಳು. ನಾನು ಹೂಂಗುಟ್ಟುತ್ತ ಕಿಟಕಿಯಾಚೆ ನೋಡುತ್ತಿದ್ದೆ.

ಆಗ ಯಾವುದೋ ಕಾರ್ಖಾನೆಯ ಪಾಳಿ ಮುಗಿಸಿದವರ ಒಂದು ಗುಂಪು ಬಸ್ಸು ಹತ್ತಿತು. ಹತ್ತಿದ್ದೇ ತಡ, ಆ ವಾಸನೆ ಬಂತು. ಮಷೀನಿನಲ್ಲಿ ಉಕ್ಕನ್ನು ತಿರುಗಿಸುತ್ತ ಉಳಿಯಿಂದ ಕಡೆಯುವಾಗ ಕಾವು ಏರದಿರಲಿ ಎಂದು ಮೇಲೆ ಸುರಿಸುವ ಹಾಲಿನಂಥ ನೀರೊಂದಿದೆ, ಕೂಲೆಂಟ್ ಅನ್ನುತ್ತಾರೆ. ಹುಳಿ ಮಜ್ಜಿಗೆಗೆ ಎಣ್ಣೆ ಬೆರೆಸಿದ ಹಾಗಿರುತ್ತದೆ ಅದರ ವಾಸನೆ. ಎಷ್ಟು ಸೋಪು ಹಾಕಿ ತಿಕ್ಕಿದರೂ ಬೆರಳಸಂದಿಯಿಂದ ಹೋಗುವುದಿಲ್ಲ. ನಾನೀಗ ಉಕ್ಕು ಕಡೆಯುವ ಹಳೇ ಲೇತು ಮಷೀನಿಗೆ ಬರೀ ಎಣ್ಣೆ ಸಾಕು, ಹಾಗಾಗಿ ಈ ವಾಸನೆ ಮೂಗಿಗೆ ಬಿದ್ದು ಎರಡು ವರ್ಷವಾಗಿತ್ತು. ಅಷ್ಟು ಹೊತ್ತಿಗೆ ಬಸ್ಸು ನಾನು ಹಿಂದೆ ಕೆಲಸಕ್ಕಿದ್ದ ಕಂಪನಿಯ ಗೇಟಿನ ಮುಂದೆ ನಿಧಾನವಾಯಿತು. ಗೇಟಿನ ಪಕ್ಕದ ದೊಡ್ಡ ಬೋರ್ಡಿನಲ್ಲಿ ಒಬ್ಬ ಹುಡುಗಿ ಕಣ್ಣಿಗೆ ಕನ್ನಡಕ ಹಾಕಿ, ಮಷೀನಿನ ಮೇಲೆ ಕೈಯಿಟ್ಟು ನಗುತ್ತಿದ್ದಳು. ಕೈತುಂಬ ಹಸಿರು ಗಾಜಿನ ಬಳೆ. ಎರಡು ವರ್ಷದ ಹಿಂದೆ ಅದೇ ಬೋರ್ಡಿನಲ್ಲಿ, ಅದೇ ಮಷೀನಿನ ಮುಂದೆ, ಅದೇ ಬಣ್ಣದ ಬಳೆ ತೊಟ್ಟು ನಗುತ್ತಿದ್ದವಳು ನಾನು.

‘ಸರಿಯಾಗಿ ಹೇಳಿದ್ನಾ ಚಿಕ್ಕಮ್ಮ?’ ಅಂದಳು ಮೇಘನ.

‘ಇಳಿ’ ಅಂದೆ.

ಗೇಟಿನ ಎದುರಿಗಿನ ಬಸ್ ನಿಲ್ದಾಣದ ಸೂರಿನಡಿ ಇಬ್ಬರೂ ನಿಂತೆವು. ಆ ಕಂಪನಿಯ ಪಾಳಿ ಬಿಡುವುದಕ್ಕೆ ಇನ್ನೂ ಸಮಯವಿತ್ತು. ಅಷ್ಟರೊಳಗೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಚಿಕ್ಕ ಹುಡುಗಿಗೆ ಯಾಕೆ ಎಂದು ನುಂಗಿಕೊಂಡದ್ದನ್ನೂ ಸೇರಿಸಿ.

ನಾನು ಅಲ್ಲಿ ಪ್ಯಾಕಿಂಗ್ ಹೆಂಗಸಾಗಿದ್ದೆ. ಗಾಡಿಗಳ ಗೇರಿಗೆ ಹಾಕುವ ಉಕ್ಕಿನ ದುಂಡು ಸರಳುಗಳು, ಷಾಫ್ಟು ಅನ್ನುತ್ತಾರೆ, ಅಲ್ಲಿ ತಯಾರಾಗುತ್ತಿದ್ದವು. ಒಳಗಿನ ಷೆಡ್ಡಿನಲ್ಲಿ ಗಂಡಸರು ಅವನ್ನು ಮಷೀನಿನಲ್ಲಿ ಕಡೆಯುತ್ತಿದ್ದರು. ಹೊರಗಿನ ಷೆಡ್ಡಿನಲ್ಲಿ ನಾವು ಹೆಂಗಸರು ಎಣ್ಣೆ ಒರೆಸಿ, ಕಾಗದ ಸುತ್ತಿ, ಪೆಟ್ಟಿಗೆಗೆ ತುಂಬಿ, ಟೇಪು ಹಚ್ಚುತ್ತಿದ್ದೆವು. ನಡುವೆ ನೆಲದ ಮೇಲೆ ಒಂದು ಹಳದಿ ಗೆರೆ. ದಾಟಬಾರದು ಎಂದು ಯಾರೂ ಹೇಳಿರಲಿಲ್ಲ, ನಾವೂ ದಾಟಿರಲಿಲ್ಲ. ವರ್ಷಗಟ್ಟಲೆ ಬೇರೆಯವರು ಮಾಡಿದ್ದನ್ನು ಒರೆಸಿ ಒರೆಸಿ ನನಗೊಂದು ಆಸೆ ಹತ್ತಿಕೊಂಡಿತ್ತು. ಒಂದೇ ಒಂದು ಷಾಫ್ಟನ್ನಾದರೂ ನಾನೇ ಕಡೆಯಬೇಕು, ಆಮೇಲೆ ಆ ಮಷೀನು ನನ್ನದಾಗಬೇಕು. ಹೇಳಿದರೆ ನಗುತ್ತಾರೆ ಎಂದು ಮನೆಯವರಿಗೂ ಹೇಳಿರಲಿಲ್ಲ.

ಆ ವರ್ಷ ಆಷಾಢದಲ್ಲಿ ಆಫೀಸಿನ ನಯನ ಮೇಡಂ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಸೇರಿಸಿದರು. ಕೆಲಸಗಾರರನ್ನು ನೋಡಿಕೊಳ್ಳುವುದು ಅವರ ಕೆಲಸ. ಹೊರಗೆ ಬೀಸುಗಾಳಿ, ತಗಡಿನ ಸೂರು ಬಡಿದುಕೊಳ್ಳುತ್ತಿತ್ತು. ಅವರು ಮೈಕು ಹಿಡಿದು, ನೀವು ಬರೀ ಕೆಲಸಗಾರರಲ್ಲ, ನೀವೇ ನಮ್ಮ ಆಸ್ತಿ, ನಿಮ್ಮ ಮೇಲೆ ಕಂಪನಿ ಬಂಡವಾಳ ಹಾಕುತ್ತಿದೆ, ಹೆಂಗಸರಿಗೂ ಮಷೀನು ಕಲಿಸುತ್ತೇವೆ, ಕಲಿತವರನ್ನು ಆಪರೇಟರ್ ಮಾಡುತ್ತೇವೆ ಅಂದರು. ಆಸ್ತಿ ಅಂದರೆ ನಮ್ಮ ಕಡೆ ಹೊಲ, ಮನೆ, ಎಮ್ಮೆ. ಬೇಕಾದಾಗ ಇಟ್ಟುಕೊಳ್ಳುವುದು, ಬೇಡವಾದಾಗ ಮಾರುವುದು. ಆವತ್ತು ನನಗೆ ಅದು ಹೊಳೆಯಲಿಲ್ಲ. ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ನಾನು.

ನನ್ನ ಪಕ್ಕದ ಮೇಜಿನ ಜಯಮ್ಮ ಕೈ ಎತ್ತಲಿಲ್ಲ. ‘ಆಷಾಢದಲ್ಲಿ ಯಾರಾದ್ರೂ ಒಳ್ಳೇ ಕೆಲ್ಸ ಸುರು ಮಾಡ್ತಾರೇನೇ ಶೋಭಾ? ಸ್ರಾವಣ ಬರ್ಲಿ ಬುಡು’ ಅಂದಳು. ಮದುವೆಯಾದ ಹೊಸತರಲ್ಲಿ ಹೆಂಡತಿಯನ್ನೇ ತವರಿಗೆ ಕಳಿಸುವ ತಿಂಗಳು ಕಣೇ ಇದು, ಕಂಪನಿಯವರನ್ನು ನಂಬುತ್ತೀಯಾ ಎಂದು ನಕ್ಕಳು. ನಾನು ಅವಳಿಗೆ ಭಯ ಅಂದುಕೊಂಡೆ. ಶುಕ್ರವಾರ ಚಾಮುಂಡಿಬೆಟ್ಟದ ಮೆಟ್ಟಿಲು ಹತ್ತಿದಾಗ, ತಾಯಿ, ನನ್ನ ಕೈಗೆ ಈ ವಿದ್ಯೆ ಹತ್ತಲಿ ಎಂದು ಬೇಡಿಕೊಂಡೆ. ವಿದ್ಯೆ ಹತ್ತಲಿ ಅಂತ ಮಾತ್ರ ಬೇಡಿದೆ ನೋಡಿ. ಅವಳೂ ಅಷ್ಟನ್ನೇ ಕೊಟ್ಟಳು.

ಕಲಿಸಲು ಬಂದವರು ಶಿವಲಿಂಗಪ್ಪ ಮೇಷ್ಟ್ರು. ಅದೇ ಕಂಪನಿಯಲ್ಲಿ ತಲೆ ಬೆಳ್ಳಗಾಗುವವರೆಗೆ ದುಡಿದು ರಿಟೈರ್ ಆದವರು, ನಮಗೆ ಕಲಿಸಲೆಂದೇ ಮತ್ತೆ ಕರೆಸಿದ್ದರು. ಹಣೆತುಂಬ ವಿಭೂತಿ, ಮುಖದಲ್ಲಿ ನಗು ಅಪರೂಪ. ನಾವು ಆರು ಜನ ಹೆಂಗಸರು ಹಳದಿ ಗೆರೆ ದಾಟಿ ಅವರ ಮುಂದೆ ನಿಂತಾಗ ಅವರು ಮೊದಲು ನೋಡಿದ್ದು ನಮ್ಮ ಕೈಗಳನ್ನು. ‘ಬಳೆ ತೆಗೀರಿ’ ಅಂದರು. ಯಾರೂ ಅಲ್ಲಾಡಲಿಲ್ಲ. ಮುತ್ತೈದೆಯರಿಗೆ ಬಳೆ ತೆಗೆಯಿರಿ ಅನ್ನುವ ಮಾತೇ? ಅವರು ಬೇಜಾರು ಮಾಡಿಕೊಳ್ಳಲಿಲ್ಲ. ತಿರುಗುವ ಉಕ್ಕಿಗೆ ಬಳೆ ಸಿಕ್ಕಿಕೊಂಡರೆ ಬಳೆ ಮಾತ್ರ ಹೋಗುವುದಿಲ್ಲ, ಕೈಯೂ ಹೋಗುತ್ತದೆ ಎಂದರು. ತಮ್ಮ ಜೊತೆ ದುಡಿದ ಒಬ್ಬನ ಕೈ ಕಡಗದಿಂದಾಗಿ ಏನಾಯಿತು ಎಂದು ಮೆಲ್ಲಗೆ ಹೇಳಿದರು. ನಾನು ಬಳೆಗಳನ್ನು ಒಂದೊಂದಾಗಿ ಜಾರಿಸಿ ಕರ್ಚೀಫಿನಲ್ಲಿ ಗಂಟು ಕಟ್ಟಿದೆ. ನನ್ನನ್ನು ನೋಡಿ ಉಳಿದವರೂ ತೆಗೆದರು. ಆಮೇಲೆ ದಿನವೂ ಅದೇ ಪದ್ಧತಿಯಾಯಿತು. ಒಳಗೆ ಹೋಗುವಾಗ ಗಂಟು, ಹೊರಗೆ ಬರುವಾಗ ಗೇಟಿನ ಹತ್ತಿರ ನಿಂತು ಮತ್ತೆ ತೊಡುವುದು. ಒಂದು ದಿನ ಮರೆತು ಬೋಳುಗೈಯಲ್ಲಿ ಮನೆಗೆ ಹೋದಾಗ ಅತ್ತೆ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ಮಗ ಎದುರಿಗೆ ಕೂತು ಊಟ ಮಾಡುತ್ತಿರುವಾಗಲೇ ಅವನಿಗೆ ಏನಾಯಿತೇ ಎಂದು ಕೇಳಿದರು. ಇವರು ತುತ್ತು ಬಾಯಲ್ಲಿಟ್ಟುಕೊಂಡೇ ನಕ್ಕುಬಿಟ್ಟರು.

ಮೇಷ್ಟ್ರು ನಮ್ಮನ್ನು ಮೊದಲು ಹೊಸ ಮಷೀನಿನ ಹತ್ತಿರ ಬಿಡಲೇ ಇಲ್ಲ. ಷೆಡ್ಡಿನ ಹಿಂದುಗಡೆ ಮೂಲೆ ಸೇರಿದ್ದ ಹಳೇ ಲೇತಿನ ಮುಂದೆ ನಿಲ್ಲಿಸಿದರು. ನಂಬರು ಒತ್ತಿದರೆ ತಾನೇ ಕಡೆಯುವ ಮಷೀನು ಆಮೇಲೆ, ಮೊದಲು ಉಕ್ಕು ಹೇಗೆ ಕೂಗುತ್ತದೆ ಕೇಳಿಸಿಕೊಳ್ಳಿ ಅಂದರು. ನಿಜ, ಅದು ಕೂಗುತ್ತದೆ. ಉಳಿ ಹದವಾಗಿ ತಗುಲಿದರೆ ಒಂದು ದನಿ, ಜಾಸ್ತಿ ಒತ್ತಿದರೆ ಇನ್ನೊಂದು ದನಿ. ಸುರುಳಿ ಸುರುಳಿಯಾಗಿ ಬರುವ ಉಕ್ಕಿನ ಸಿಪ್ಪೆ ಬೆರಳು ಕೊಯ್ಯುತ್ತಿತ್ತು. ಹೊರಗೆ ಸೋನೆ ಹಿಡಿದರೆ ಬಿಡುತ್ತಿರಲಿಲ್ಲ, ಒಳಗೆ ನಮ್ಮ ಮೈಯೆಲ್ಲ ಎಣ್ಣೆ. ನನ್ನ ಮೊದಲ ಷಾಫ್ಟು ಅಳತೆಗಿಂತ ಒಂದು ಕೂದಲೆಳೆಯಷ್ಟು ಸಣ್ಣಗಾಗಿ ಹಾಳಾಯಿತು. ಅದಾದ ಮೇಲೂ ಎಷ್ಟೋ ಹಾಳಾದವು. ಶ್ರಾವಣದಲ್ಲಿ ಒಂದು ಬೆಳಿಗ್ಗೆ ಮೇಷ್ಟ್ರು ನಾನು ಕಡೆದದ್ದನ್ನು ಅಳೆದು, ಮತ್ತೊಮ್ಮೆ ಅಳೆದು, ಏನೂ ಹೇಳದೆ ಒಳ್ಳೆಯ ಮಾಲಿನ ಟ್ರೇಗೆ ಹಾಕಿದರು. ಮಧ್ಯಾಹ್ನ ಅದೇ ಟ್ರೇ ಪ್ಯಾಕಿಂಗಿಗೆ ಹೋಯಿತು. ಜಯಮ್ಮ ಒರೆಸುವಾಗ ನಾನು ದೂರದಿಂದ ನೋಡಿದೆ. ಎಲ್ಲದರ ಜೊತೆ ಬೆರೆತುಹೋಗಿತ್ತು, ಯಾವುದು ನನ್ನದು ಎಂದು ನನಗೇ ತಿಳಿಯಲಿಲ್ಲ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಆಮೇಲೆ ಹೊಸ ಮಷೀನುಗಳು. ನನಗೆ ಹದಿನಾಲ್ಕನೆಯದು. ಒಬ್ಬೊಬ್ಬರಿಗೂ ಒಂದೊಂದು ತೋರಿಸಿ ಮೇಷ್ಟ್ರು ಪಾಳಿ ಮುಗಿದ ಮೇಲೆ ಅದನ್ನು ನಾವೇ ಒರೆಸಬೇಕು, ಬೇರೆಯವರ ಕೈಗೆ ಬಟ್ಟೆ ಕೊಡಬಾರದು ಅಂದರು. ಹಳೇ ಕಾರ್ಖಾನೆಗಳ ಪದ್ಧತಿಯಂತೆ ಅದು. ಯಾರು ನಡೆಸುತ್ತಾರೋ ಅವರೇ ತೊಳೆಯುವುದು, ಆಯುಧಪೂಜೆಯ ದಿನ ಅವರೇ ಅರಿಶಿನ ಕುಂಕುಮ ಇಟ್ಟು ಕುಂಬಳಕಾಯಿ ಒಡೆಯುವುದು. ಮ್ಯಾನೇಜರೇ ಬಂದರೂ ಆಪರೇಟರ್ ಇಟ್ಟ ಮೇಲೆಯೇ ಅವರು ಕುಂಕುಮ ಇಡಬೇಕು. ‘ನಿನ್ ಮಷೀನಿಗೆ ನೀನೇ ಪೂಜೆ ಮಾಡ್ಬೇಕು ಕಣಮ್ಮ’ ಎಂದು ನನಗೆ ಹೇಳಿದರು. ಆ ಮಾತನ್ನು ನಾನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಗೌರಿಹಬ್ಬ ಆದ ಮೇಲೆ ಹೊರದೇಶದಿಂದ ಕಂಪನಿಯ ಮಾಲು ಕೊಳ್ಳುವವರು ನೋಡಲು ಬಂದರು. ಅವರು ಬರುವ ಹಿಂದಿನ ದಿನ ನಯನ ಮೇಡಂ ಫೋಟೋ ತೆಗೆಯುವವನನ್ನು ಕರೆತಂದರು, ಜೊತೆಗೊಂದು ಪೆಟ್ಟಿಗೆ. ತೆರೆದರೆ ಹಸಿರು ಗಾಜಿನ ಬಳೆ. ಬೋಳುಗೈ ಚೆನ್ನಾಗಿ ಕಾಣುವುದಿಲ್ಲ, ಹೆಂಗಸರು ಎಂದು ನೋಡಿದ ಕೂಡಲೇ ತಿಳಿಯಬೇಕು, ಹಾಕಿಕೊಳ್ಳಿ ಅಂದರು. ಶಿವಲಿಂಗಪ್ಪ ಮೇಷ್ಟ್ರು ನಡುವೆ ಬಂದು ನಿಂತುಬಿಟ್ಟರು. ಬಳೆ ಹಾಕಿಕೊಂಡು ನನ್ನ ಹುಡುಗಿಯರು ಮಷೀನು ಮುಟ್ಟುವ ಹಾಗಿಲ್ಲ ಅಂದರು. ಮೇಡಂ ನಗುತ್ತ, ಹಾಗಾದರೆ ಆಫ್ ಮಾಡಿ ತೆಗೆಯೋಣ ಸರ್, ಫೋಟೋಗೆ ತಾನೇ ಅಂದರು. ಆಫ್ ಮಾಡಿದರು. ನಿಂತ ಮಷೀನಿನ ಮೇಲೆ ಬಳೆ ತೊಟ್ಟ ಕೈಯಿಟ್ಟು ನಾನು ನಕ್ಕೆ. ಚೆನ್ನಾಗಿಯೇ ನಕ್ಕೆ, ಸುಳ್ಳು ಹೇಳಬಾರದು.

ಮಾರನೆಯ ದಿನ ಬಂದವರು ನನ್ನ ಹತ್ತಿರವೂ ನಿಂತು ಏನು ಕಲಿತಿರಿ ಎಂದು ಮೇಡಂ ಮೂಲಕ ಕೇಳಿದರು. ನಾನು ಹೇಳಿದೆ. ಕಡೆದೂ ತೋರಿಸಿದೆ, ಬಳೆ ಬಿಚ್ಚಿಟ್ಟು. ಅವರು ಕೈ ಕುಲುಕಿದರು, ಚಪ್ಪಾಳೆ ಬಿತ್ತು. ಆ ವಾರವೇ ಗೇಟಿನ ಪಕ್ಕದಲ್ಲಿ ನನ್ನ ಮುಖದ ಬೋರ್ಡು ಎದ್ದಿತು. ನಮ್ಮ ಬೀದಿಯವರೆಲ್ಲ ನೋಡಿಬಂದರು. ಅತ್ತೆ ಹೋಗಿ ನೋಡಿ, ಬಳೆ ಹಾಕಿಕೊಂಡಿದ್ದಾಳೆ ಸದ್ಯ ಅಂದರು.

ಬಂದವರು ವಿಮಾನ ಹತ್ತಿದ್ದೇ ತಡ, ನಮ್ಮನ್ನು ಮತ್ತೆ ಪ್ಯಾಕಿಂಗಿಗೆ ಕಳಿಸಿದರು. ದಸರಾಕ್ಕೆ ಮುಂಚೆ ಮಾಲು ಕಳಿಸುವುದು ಜಾಸ್ತಿ ಇದೆ, ಆಯುಧಪೂಜೆ ಆದ ಮೇಲೆ ನಿಮ್ಮ ನಿಮ್ಮ ಮಷೀನಿಗೆ ಬನ್ನಿ ಎಂದು ಸೂಪರ್‌ವೈಸರ್ ಹೇಳಿದ. ಶಿವಲಿಂಗಪ್ಪ ಮೇಷ್ಟ್ರನ್ನೂ ಇನ್ನು ಬರಬೇಡಿ ಅಂದರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಅಷ್ಟರಲ್ಲಿ ಗುತ್ತಿಗೆಗೆ ಆಳು ಕಳಿಸುವ ಏಜೆನ್ಸಿ ಕಡೆಯಿಂದ ಒಬ್ಬ ಹುಡುಗ ಬಂದ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವನಿಗೆ ಸ್ವಲ್ಪ ಹದಿನಾಲ್ಕನೆಯದನ್ನು ತೋರಿಸಿಕೊಡಿ ಎಂದು ಸೂಪರ್‌ವೈಸರ್ ನನ್ನನ್ನೇ ಕೇಳಿದ. ನಾನು ಹಿಗ್ಗಿಹೋದೆ. ನಮ್ಮಲ್ಲಿ ಕಲಿಸಿದವರು ಮೇಲೆ, ಕಲಿತವರು ಕೆಳಗೆ. ಅವನು ನನ್ನ ಕೈಕೆಳಗೆ ಇರುತ್ತಾನೆ, ಇಲ್ಲವೇ ರಾತ್ರಿ ಪಾಳಿಗೆ ಬರುತ್ತಾನೆ ಅಂದುಕೊಂಡೆ. ಉಕ್ಕಿನ ಕೂಗು, ಉಳಿಯ ಹದ, ಮೇಷ್ಟ್ರು ಕೊಟ್ಟದ್ದನ್ನೆಲ್ಲ ಅವನಿಗೆ ಧಾರೆ ಎರೆದೆ. ಅಕ್ಕ ಅಕ್ಕ ಎಂದು ಚೆನ್ನಾಗಿ ಕಲಿತ. ಅವನ ಮೇಲೆ ನನಗೆ ಸಿಟ್ಟಿಲ್ಲ.

ಆಯುಧಪೂಜೆಯ ಹಿಂದಿನ ಸಂಜೆ ಪ್ಯಾಕಿಂಗ್ ಮುಗಿಸಿ ಹೋಗಿ ಹದಿನಾಲ್ಕನೆಯದನ್ನು ತೊಳೆದು ಒರೆಸಿ ಬಂದೆ. ಬೆಳಿಗ್ಗೆ ಮದುವೆಯ ರೇಷ್ಮೆ ಸೀರೆ ಉಟ್ಟೆ. ದೇವರಾಜ ಮಾರ್ಕೆಟ್ಟಿನಿಂದ ತಂದಿಟ್ಟಿದ್ದ ಬೂದುಗುಂಬಳಕಾಯಿಗೆ ಮನೆಯಲ್ಲೇ ಕುಂಕುಮ ತುಂಬಿ, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂತೆ. ‘ನಿಮಗೆ ಫ್ರೀ ಕಣಮ್ಮ, ಕುಂಬಳಕಾಯಿಗೆ ಟಿಕೆಟ್ ತಗೋಬೇಕು’ ಎಂದು ಕಂಡಕ್ಟರ್ ತಮಾಷೆ ಮಾಡಿದ. ಬಸ್ಸಿನವರೆಲ್ಲ ನಕ್ಕರು. ಎಲ್ಲಿಗಮ್ಮ ಎಂದು ಯಾರೋ ಕೇಳಿದರು. ನನ್ನ ಮಷೀನಿಗೆ ಪೂಜೆ ಇದೆ ಅಂದೆ. ನನ್ನ ಮಷೀನು ಎಂದು ಬಸ್ಸಿನಲ್ಲಿ, ಅಷ್ಟು ಜನರ ಮುಂದೆ ಅಂದೆ.

ಷೆಡ್ಡಿನ ತುಂಬ ಚೆಂಡುಹೂವು, ಬಾಳೆಕಂದು, ಊದುಬತ್ತಿಯ ಹೊಗೆ. ಹದಿನಾಲ್ಕನೆಯ ಮಷೀನಿಗೆ ಆಗಲೇ ಹಾರ ಹಾಕಿತ್ತು, ಅರಿಶಿನ ಬಳಿದಿತ್ತು. ಆ ಹುಡುಗ ಬಿಳಿ ಪಂಚೆ ಉಟ್ಟು ಕುಂಬಳಕಾಯಿಗೆ ಕುಂಕುಮ ತುಂಬುತ್ತಿದ್ದ. ನನ್ನನ್ನು ನೋಡಿ ಗಾಬರಿಯಾಗಿ ಎದ್ದು ನಿಂತ. ಸೂಪರ್‌ವೈಸರ್ ಓಡಿಬಂದು, ಇದು ಅವನ ಮಷೀನು ಶೋಭಮ್ಮ, ಅವನು ಇವತ್ತಿಂದ ಆಪರೇಟರ್, ನಿಮ್ಮ ಪೂಜೆ ಪ್ಯಾಕಿಂಗಿನಲ್ಲಿ ಅಂದ. ಪ್ಯಾಕಿಂಗಿನಲ್ಲಿ ನಾವು ಪೂಜೆ ಮಾಡುತ್ತಿದ್ದದ್ದು ತೂಕದ ಯಂತ್ರಕ್ಕೆ, ಟೇಪು ಕತ್ತರಿಸುವ ಕತ್ತರಿಗೆ. ಉಳಿದ ಐದು ಮಷೀನುಗಳ ಮುಂದೆಯೂ ಯಾರೋ ಗಂಡಸರೇ ನಿಂತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಎಷ್ಟೋ ಸಲ ಕೇಳಿದ್ದೆ. ತುತ್ತನ್ನು ಕಲಸಿ, ಬೇರೆಯವನ ಬಾಯಿಗೆ ನನ್ನ ಕೈಯಲ್ಲೇ ಇಡಿಸಿದ್ದರು.

ನಯನ ಮೇಡಂ ಹತ್ತಿರ ನೇರ ಹೋದೆ. ದೊಡ್ಡವರ ಕುರ್ಚಿಗಳ ಹತ್ತಿರ, ಜರತಾರಿ ಸೀರೆಯಲ್ಲಿ, ಪುರಿ ಕಡಲೆ ಹಂಚುವುದನ್ನು ನೋಡಿಕೊಳ್ಳುತ್ತಿದ್ದರು.

‘ಮೇಡಂ, ನಮಗೆ ಯಾಕೆ ಕಲಿಸಿದ್ರಿ?’ ಅಂದೆ.

ಅವರು ನನ್ನನ್ನು ಪಕ್ಕಕ್ಕೆ ಕರೆದರು. ನಿಮ್ಮನ್ನು ಆಪರೇಟರ್ ಮಾಡಿದರೆ ಆ ದರ್ಜೆಯ ಸಂಬಳ ಕೊಡಬೇಕು, ರಾತ್ರಿ ಪಾಳಿಗೆ ಮನೆಯವರೆಗೆ ಗಾಡಿ ಕಳಿಸಬೇಕು, ಏಜೆನ್ಸಿ ಹುಡುಗರಿಗೆ ಅದ್ಯಾವುದೂ ಬೇಡ ಅಂದರು. ಕಲಿತದ್ದು ಎಲ್ಲಿಗೂ ಹೋಗುವುದಿಲ್ಲ, ನಿಮಗೇ ಒಳ್ಳೆಯದಾಯಿತಲ್ಲ ಎಂದೂ ಅಂದರು. ನಾನು ಅಲ್ಲಾಡಲಿಲ್ಲ. ಆಮೇಲೆ ಅವರಿಗೂ ಸಾಕಾಯಿತೋ ಏನೋ, ದನಿ ತಗ್ಗಿಸಿ ನಿಜ ಹೇಳಿದರು.

‘ಹೆಂಗಸರಿಗೆ ಟ್ರೈನಿಂಗ್ ಕೊಡ್ತೀರಾ ಅಂತ ಮಾಲು ತಗೊಳ್ಳೋರು ಕೇಳ್ತಾರೆ ಶೋಭಾ. ಕೊಟ್ವಿ. ಮಷೀನ್ ಕೊಟ್ರಾ ಅಂತ ಯಾರೂ ಕೇಳಲ್ಲ.’

‘ನಾನು ಕೇಳ್ತಿದೀನಿ’ ಅಂದೆ. ಅವರು ಪುರಿಯ ತಟ್ಟೆಯ ಕಡೆ ತಿರುಗಿಕೊಂಡರು.

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. ಕಲಿಸದೇ ಇದ್ದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒರೆಸುವವಳು ಒರೆಸಿಕೊಂಡೇ ಸಾಯುತ್ತಿದ್ದೆ, ಆಸೆಯೂ ನನ್ನೊಳಗೇ ಸಾಯುತ್ತಿತ್ತು. ಇವರು ಬಂದು ಮೂಗಿಗೆ ತುಪ್ಪ ಸವರಿದರು. ಮುತ್ತೈದೆಯ ಬಳೆ ತೆಗೆಸಿದರು, ಕೈಗೆ ವಿದ್ಯೆ ಕೊಟ್ಟರು, ಆ ಕೈಗೆ ಮತ್ತೆ ಬಳೆ ತೊಡಿಸಿ ಬೋರ್ಡಿಗೆ ಏರಿಸಿದರು, ಒಳಗೆ ಮಾತ್ರ ಹಳದಿ ಗೆರೆಯ ಈಚೆಗೇ ನಿಲ್ಲಿಸಿದರು. ನನ್ನ ಮುಖ ಬೇಕಿತ್ತು ಅವರಿಗೆ, ಕೈ ಬೇಕಿರಲಿಲ್ಲ.

ನಾನು ತಂದಿದ್ದ ಕುಂಬಳಕಾಯಿ ಎತ್ತಿಕೊಂಡು ಗೇಟಿಗೆ ಬಂದೆ. ದೃಷ್ಟಿ ತೆಗೆಯುವುದಕ್ಕೆ ತಾನೇ ಕುಂಬಳಕಾಯಿ ಒಡೆಯುವುದು? ಬೋರ್ಡಿನಲ್ಲಿ ನಗುತ್ತಿದ್ದ ನನ್ನ ಮುಖಕ್ಕೆ ಮೂರು ಸುತ್ತು ನಿವಾಳಿಸಿ, ಅದರ ಬುಡಕ್ಕೇ ಎತ್ತಿ ಅಪ್ಪಳಿಸಿದೆ. ತುಂಬಿದ್ದ ಕುಂಕುಮ ಚಿಮ್ಮಿ ಬೋರ್ಡಿನ ಅರ್ಧದವರೆಗೆ ಕೆಂಪಾಯಿತು, ಆ ಬಳೆಗಳ ಮೇಲೂ ಬಿತ್ತು. ಗೇಟಿನ ಕಾವಲಿನವನು ಬಾಯಿ ಬಿಟ್ಟುಕೊಂಡು ನಿಂತ. ಷೆಡ್ಡಿನೊಳಗಿಂದ ಜನ ಹೊರಗೆ ಬಂದರು. ಆಮೇಲೆ ನಾನೇ ಕೂತು ಚೂರುಗಳನ್ನು ಆಯ್ದು ಬದಿಗೆ ಹಾಕತೊಡಗಿದೆ. ಸಿಟ್ಟು ಎಷ್ಟೇ ಇರಲಿ, ಸ್ಕೂಟರಿನವರು ಯಾರಾದರೂ ಜಾರಿ ಬಿದ್ದರೆ ಆ ಪಾಪ ನನಗೇ ತಾನೇ. ಜಯಮ್ಮ ಬಂದು ಪಕ್ಕದಲ್ಲಿ ಕೂತು ಆಯ್ದಳು. ಆಷಾಢದ ಮಾತನ್ನು ಅವಳು ಎತ್ತಲಿಲ್ಲ, ಅದೊಂದು ಉಪಕಾರ ಮಾಡಿದಳು.

ಶಿವಲಿಂಗಪ್ಪ ಮೇಷ್ಟ್ರನ್ನು ಆ ದಿನ ಹಳಬರೆಂದು ಪೂಜೆಗೆ ಕರೆದು ಮುಂದಿನ ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದ್ದರು. ಅವರು ಎದ್ದು ಗೇಟಿನವರೆಗೆ ನಡೆದು ಬಂದರು. ಶಾಲು ಕುರ್ಚಿಯ ಮೇಲೇ ಬಿಟ್ಟಿದ್ದರು.

‘ನನ್ನೂ ಸೇರ್ಸಿ ಆಟ ಆಡ್ಸಿದ್ರು ಕಣಮ್ಮ. ನಾನು ನಿಜ್ವಾಗ್ಲೂ ಕಲಿಸ್ದೆ’ ಅಂದರು.

ಗೊತ್ತು ಮೇಷ್ಟ್ರೇ ಅಂದೆ. ಅವರ ಕಣ್ಣು ಕೆಂಪಾಗಿತ್ತು, ಹೊಗೆಗೋ ಸಿಟ್ಟಿಗೋ ಕೇಳಲಿಲ್ಲ. ಮಂಡಿ ಮೊಹಲ್ಲಾದಲ್ಲಿ ಸಲೀಂ ಭಾಯಿ ಅಂತ ಒಬ್ಬರಿದ್ದಾರೆ, ಬೋರ್‌ವೆಲ್ ಪಂಪಿನ ಷಾಫ್ಟು ಕಡೆಯುವ ಷೆಡ್ಡು, ಹೋಗಿ ನನ್ನ ಹೆಸರು ಹೇಳು ಅಂದರು.

ದೀಪಾವಳಿಗೆ ಮುಂಚೆ ನಾನು ಕಂಪನಿ ಬಿಟ್ಟೆ. ಬಿಡಿಸಿದರು ಅಂದರೂ ಸರಿಯೇ. ಬೋರ್ಡಿನ ಕುಂಕುಮವನ್ನು ಮಾತ್ರ ಮಾರನೆಯ ದಿನವೇ ತೊಳೆಸಿದ್ದರು. ನಾನು ಬಿಟ್ಟ ಮೇಲೂ ನನ್ನ ಮುಖ ಅಲ್ಲೇ ನಗುತ್ತಿತ್ತು ಎಂದು ಜಯಮ್ಮ ಹೇಳುತ್ತಿದ್ದಳು. ಆ ರಸ್ತೆಯಲ್ಲಿ ನಾನು ಓಡಾಡದೆ ಇದ್ದದ್ದು ಅದಕ್ಕೇ.

ಸಲೀಂ ಭಾಯಿಯ ಷೆಡ್ಡು ಮೆಣಸಿನಕಾಯಿ ಮಂಡಿಯೊಂದರ ಹಿಂದೆ ಇದೆ. ದಿನವೂ ಸೀನು, ಮಳೆ ಬಂದರೆ ಎರಡು ಕಡೆ ಸೋರುತ್ತದೆ, ಕ್ಯಾಂಟೀನೂ ಇಲ್ಲ, ಕಂಪನಿ ಕೊಡುತ್ತಿದ್ದ ಎಷ್ಟೋ ಸೌಲಭ್ಯ ಇಲ್ಲ. ಸ್ವರ್ಗ ಅಂತ ನಾನೇನೂ ಹೇಳುವುದಿಲ್ಲ. ಮೊದಲ ದಿನ ಹೋಗಿ ಮೇಷ್ಟ್ರ ಹೆಸರು ಹೇಳಿ, ಲೇತಿನ ಮುಂದೆ ನಿಂತು, ಅಭ್ಯಾಸ ಬಲದಿಂದ ಬಳೆಗಳನ್ನು ತೆಗೆದು ಕರ್ಚೀಫಿನಲ್ಲಿ ಗಂಟು ಕಟ್ಟಿದೆ. ಸಲೀಂ ಭಾಯಿ ಅದನ್ನು ನೋಡಿ, ಇನ್ನೇನೂ ಕೇಳುವುದು ಬೇಡ, ನಿಮಗೆ ಕೆಲಸ ಗೊತ್ತು ಅಂದರು. ಆ ವರ್ಷದಿಂದ ಆ ಲೇತು ನನ್ನದು. ಕಳೆದ ಆಯುಧಪೂಜೆಗೆ ನಾನು ಕುಂಕುಮ ಇಡುವವರೆಗೆ ಅವರು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ಈ ಸಲ ಇನ್ನೊಂದು ಹಳೇ ಲೇತು ತಂದು ಹಾಕಿಸಿದ್ದಾರೆ. ನಡೆಸುವವರು ಸಿಕ್ಕಿಲ್ಲ.

ಇಷ್ಟು ಹೇಳುವಷ್ಟರಲ್ಲಿ ಮಳೆ ನಿಂತಿತ್ತು. ಮೇಘನ ಪುಸ್ತಕ ಮಡಿಸಿ ಎದೆಗೆ ಅವುಚಿಕೊಂಡಿದ್ದಳು.

‘ಹಾಗಾದ್ರೆ ನಾಳೆ ಏನ್ ಬರೀಲಿ ಚಿಕ್ಕಮ್ಮ?’

‘ಪುಸ್ತಕದಲ್ಲಿರೋದ್ನೇ ಬರಿ. ಕಂಪನಿ ಯಾಕೆ ಕಲಿಸುತ್ತೆ ಅಂತ ತಾನೇ ಕೇಳಿರೋದು? ಕಲಿತೋರು ಏನಾದ್ರು ಅಂತ ಕೇಳಿಲ್ವಲ್ಲ’ ಅಂದೆ. ಸ್ವಲ್ಪ ಒರಟಾಗಿಯೇ ಅಂದೆ. ಆ ಮಗುವಿನ ತಪ್ಪೇನೂ ಇರಲಿಲ್ಲ.

ಸೈರನ್ ಕೂಗಿತು. ಗೇಟು ತೆರೆದು ಜನ ಹೊರಗೆ ಬಂದರು. ಬೋರ್ಡಿನ ಹುಡುಗಿಯನ್ನು ಗುರುತಿಸುವುದು ಕಷ್ಟವಾಗಲಿಲ್ಲ, ತನ್ನ ಮುಖದ ಕೆಳಗೇ ನಡೆದು ಬಂದಳು. ಇಪ್ಪತ್ತೆರಡೋ ಇಪ್ಪತ್ತಮೂರೋ ಇರಬೇಕು. ರಸ್ತೆ ದಾಟಿ ಹೋಗಿ ನಿಲ್ಲಿಸಿದೆ. ಬೋರ್ಡಿನಲ್ಲಿ ಇರುವುದು ನೀನೇ ಅಲ್ಲವೇನಮ್ಮ ಅಂದೆ. ನಾಚಿಕೊಂಡು ಹೂಂ ಆಂಟಿ ಅಂದಳು. ಹೆಸರು ಪವಿತ್ರ ಅಂದಳು.

‘ಮಷೀನ್ ಕೊಟ್ರಾ?’

ಅವಳ ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ಕೆಳಗೆ ಹೋಯಿತು.

‘ಆಯುಧಪೂಜೆ ಆದ್ಮೇಲೆ ಕೊಡ್ತೀವಿ ಅಂದವ್ರೆ.’

ನಾನು ಅವಳ ಕೈ ಹಿಡಿದುಕೊಂಡೆ. ಬಳೆಗಳು ಕೈಗೆ ಒಗ್ಗಿಕೊಂಡು ಹಾಗೇ ಇದ್ದವು, ಬೆಳಗಿನಿಂದ ಒಮ್ಮೆಯೂ ತೆಗೆದಿರಲಿಲ್ಲ. ಬೆರಳಿಗೆ ಕೂಲೆಂಟಿನ ವಾಸನೆ ಇರಲಿಲ್ಲ, ಪ್ಯಾಕಿಂಗ್ ಟೇಪಿನ ಅಂಟಿನ ವಾಸನೆ ಇತ್ತು. ಹಳೇ ಲೇತಿನ ಮೇಲೆ ಮೊದಲು ಕಲಿಸಿದರಾ ಎಂದು ಕೇಳಿದೆ. ಹೂಂ, ಯಾರೋ ವಯಸ್ಸಾದ ಮೇಷ್ಟ್ರು ಬರುತ್ತಿದ್ದರು, ಚೆನ್ನಾಗಿ ಕಲಿಸಿದರು, ಈಗ ಬರುತ್ತಿಲ್ಲ ಅಂದಳು. ಶಿವಲಿಂಗಪ್ಪ ಮೇಷ್ಟ್ರೋ ಬೇರೆ ಯಾರೋ, ವಿಚಾರಿಸಲಿಲ್ಲ. ಕಂಪನಿ ಬಂಡವಾಳ ಹಾಕಿತ್ತು, ಫಲ ಬೀದಿಯಲ್ಲಿ ನಿಂತಿತ್ತು.

ಮಂಡಿ ಮೊಹಲ್ಲಾದ ಷೆಡ್ಡಿನ ಗುರುತು ಹೇಳಿದೆ. ಯಾವ ಬಸ್ಸು, ಎಲ್ಲಿ ಇಳಿಯುವುದು, ಮೆಣಸಿನಕಾಯಿ ಮಂಡಿ ಯಾವುದು. ಎರಡನೇ ಲೇತು ಖಾಲಿ ಇದೆ, ಆಯುಧಪೂಜೆಗೆ ಇನ್ನೂ ದಿನವಿದೆ, ಅಷ್ಟರಲ್ಲಿ ಬಾ ಅಂದೆ. ಅವಳು ಒಮ್ಮೆ ನನ್ನ ಮುಖ, ಒಮ್ಮೆ ಬೋರ್ಡು ನೋಡಿದಳು. ನಿಮ್ಮನ್ನು ಎಲ್ಲೋ ನೋಡಿದ್ದೀನಿ ಆಂಟಿ ಅಂದಳು. ಅಲ್ಲೇ ನೋಡಿರುತ್ತೀಯ ಅಂದೆ.

‘ಬರ್ವಾಗ ಕುಂಬಳಕಾಯಿ ನೀನೇ ತಗೊಂಡ್ ಬಾ, ನಿನ್ ಮಷೀನಿಗೆ ನೀನೇ ಒಡೀಬೇಕು. ಬಳೆ ಕಟ್ಟಿಡೋಕೆ ಒಂದು ಕರ್ಚೀಫೂ ಇರ್ಲಿ.’